ಚೆಸ್ ಕಂಪ್ಯೂಟರ್‌ಗೆ ಕಾಯಿ ಕಾಣುವುದಿಲ್ಲ: ಅದರ ಜೊತೆ ಆಡುವುದು ಹೇಗೆ?

ಹೊಸ ಚೆಸ್ ಕಂಪ್ಯೂಟರನ್ನು ಡಬ್ಬದಿಂದ ತೆಗೆಯುತ್ತೀರಿ. ಬ್ಯಾಟರಿ ಹಾಕಿ, ಕಾಯಿ ಜೋಡಿಸಿ, ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಡುತ್ತೀರಿ. ಏನೂ ಆಗುವುದಿಲ್ಲ. ಎತ್ತಿ ಇನ್ನೊಮ್ಮೆ ಇಡುತ್ತೀರಿ. ಈ ಸಲ ಬೈದ ಹಾಗೆ ಒಂದು ಬೀಪ್ ಕೇಳುತ್ತದೆ. ಎಲ್ಲೋ ಒಂದು ಕೆಂಪು ದೀಪ ಮಿನುಗಲು ಶುರುವಾಗುತ್ತದೆ. ಹತ್ತು ನಿಮಿಷ ಹೀಗೇ ಗುದ್ದಾಡಿ, ಇದು ಕೆಟ್ಟಿದೆ ಅಂತ ಮತ್ತೆ ಡಬ್ಬಕ್ಕೆ ಸೇರಿಸಿದವರು ತುಂಬಾ ಜನ. ನಾನೂ ಮೊದಲ ದಿನ ಹಾಗೇ ಮಾಡಿದ್ದೆ. ಯಂತ್ರ ಕೆಟ್ಟಿರಲಿಲ್ಲ. ಅದು ಆಟವನ್ನು ಹೇಗೆ ನೋಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅದು ನೋಡುವುದೇ ಇಲ್ಲ. ಹೆಚ್ಚಿನ ಚೆಸ್ ಕಂಪ್ಯೂಟರ್‌ಗಳಿಗೆ ಯಾವ ಮನೆಯಲ್ಲಿ ಯಾವ ಕಾಯಿ ಕೂತಿದೆ ಅಂತ ಕಾಣುವುದಿಲ್ಲ. ಅದರ ನೆನಪಿನೊಳಗೆ ಇನ್ನೊಂದು ಬೋರ್ಡ್ ಇರುತ್ತದೆ. ಆಟ ಶುರುವಾದಾಗ 32 ಕಾಯಿಗಳೂ ತಮ್ಮ ತಮ್ಮ ಜಾಗದಲ್ಲಿವೆ ಅಂತ ಅದು ನಂಬಿಕೊಳ್ಳುತ್ತದೆ. ಆಮೇಲೆ ನೀವು ತಿಳಿಸಿದ ಪ್ರತಿ ನಡೆಯನ್ನೂ ಆ ಒಳಗಿನ ಬೋರ್ಡಿನಲ್ಲಿ ಆಡಿಕೊಳ್ಳುತ್ತಾ ಹೋಗುತ್ತದೆ. ಅದರ ನೆನಪಿನ ಬೋರ್ಡೂ ನಿಮ್ಮ ಕಣ್ಣೆದುರಿನ ಬೋರ್ಡೂ ಒಂದೇ ಥರ ಇರುವವರೆಗೆ ತೊಂದರೆ ಇಲ್ಲ. ಎರಡೂ ಬೇರೆಯಾದ ಕ್ಷಣದಿಂದ ಬೀಪ್ ಶುರು. ಮ್ಯಾನುಯಲ್‌ನಲ್ಲಿ ಬರೆದಿರುವ ಅರ್ಧಕ್ಕರ್ಧ ಸೂಚನೆಗಳು ಈ ಎರಡು ಬೋರ್ಡುಗಳನ್ನು ಹೊಂದಿಸಿ ಇಡುವುದಕ್ಕೇ ಇರುವಂಥವು. ಇದು ತಲೆಗೆ ಹತ್ತಿದರೆ ಉಳಿದ ಬಟನ್‌ಗಳು ತಾವಾಗಿಯೇ ಅರ್ಥವಾಗುತ್ತವೆ.

1977ರಲ್ಲಿ ಅಮೆರಿಕದ ಫಿಡೆಲಿಟಿ ಕಂಪನಿ 'ಚೆಸ್ ಚಾಲೆಂಜರ್' ಅನ್ನು ಮಾರುಕಟ್ಟೆಗೆ ತಂದಿತು. ಮನೆಗೆ ಕೊಂಡೊಯ್ದು ಆಡಬಹುದಾದ ಮೊದಲ ಚೆಸ್ ಕಂಪ್ಯೂಟರ್ ಅದು. ಅದರ ಬೋರ್ಡಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ಕೀಗಳನ್ನು ಒತ್ತಿ 'ಈ ಮನೆಯಿಂದ ಆ ಮನೆಗೆ' ಅಂತ ನೀವೇ ಟೈಪ್ ಮಾಡಬೇಕಿತ್ತು. ಅದರ ಉತ್ತರ ಚಿಕ್ಕ ಕೆಂಪು ಅಂಕಿಗಳಲ್ಲಿ ಬರುತ್ತಿತ್ತು. ಅದರ ಕಾಯಿಯನ್ನೂ ನೀವೇ ಎತ್ತಿ ಇಡಬೇಕು. ಬೋರ್ಡ್ ಇದ್ದದ್ದು ನಿಮ್ಮ ಅನುಕೂಲಕ್ಕೆ, ಅದಕ್ಕಲ್ಲ. ಆಮೇಲೆ ಬಂದ ಯಂತ್ರಗಳು ಟೈಪ್ ಮಾಡುವ ಕೆಲಸ ತಪ್ಪಿಸಿದವು. ಆದರೆ ಕಣ್ಣು ಮಾತ್ರ ಹೆಚ್ಚಿನವಕ್ಕೆ ಬರಲಿಲ್ಲ.

ನಿಮ್ಮ ಬೋರ್ಡ್ ಯಾವ ಜಾತಿಯದು?

ಮೊದಲು ಇದನ್ನು ತಿಳಿದುಕೊಳ್ಳಬೇಕು, ಯಾಕೆಂದರೆ ಕಾಯಿ ಎತ್ತಿ ಇಡುವ ರೀತಿಯೇ ಬೇರೆ ಬೇರೆ.

ಅಗ್ಗದ ಪ್ಲಾಸ್ಟಿಕ್ ಯಂತ್ರಗಳಲ್ಲಿ ಇರುವುದು ಒತ್ತುವ ಬೋರ್ಡ್. ಪ್ರತಿ ಮನೆಯ ಕೆಳಗೂ ಒಂದು ತೆಳು ಸ್ವಿಚ್ ಇರುತ್ತದೆ. ಕಾಯಿ ಎತ್ತುವ ಮೊದಲು ಅದನ್ನೇ ಹಿಡಿದು ಅದರ ಮನೆಯನ್ನು ಮೆಲ್ಲಗೆ ಒತ್ತಬೇಕು, ಬೀಪ್ ಬರುತ್ತದೆ. ಆಮೇಲೆ ಹೊಸ ಮನೆಗೆ ಒಯ್ದು ಅಲ್ಲೂ ಒತ್ತಬೇಕು. ಕಾಯಿಯನ್ನು ಸ್ವಲ್ಪ ಓರೆ ಮಾಡಿ ಅದರ ಅಂಚಿನಿಂದ ಒತ್ತಿದರೆ ಚೆನ್ನಾಗಿ ತಾಗುತ್ತದೆ. ಕಾಯಿ ಇಲ್ಲದೆ ಬರೀ ಬೆರಳಿನಿಂದ ಆ ಎರಡು ಮನೆ ಒತ್ತಿದರೂ ಯಂತ್ರಕ್ಕೆ ಅಷ್ಟೇ ಸಾಕು! ಬೇಕಾದರೆ ಕಾಯಿಗಳನ್ನೆಲ್ಲ ತೆಗೆದಿಟ್ಟು ಬರೀ ಬೆರಳಿನಲ್ಲಿ ನಾಲ್ಕು ನಡೆ ಆಡಿ ನೋಡಿ. ಅದಕ್ಕೆ ಕಾಯಿ ಕಾಣುವುದಿಲ್ಲ ಅನ್ನುವುದು ಆಗ ನಿಜವಾಗಿ ಮನಸ್ಸಿಗೆ ಬರುತ್ತದೆ.

ಎರಡನೆಯದು ಆಯಸ್ಕಾಂತದ ಬೋರ್ಡ್. ಮರದ ದುಬಾರಿ ಯಂತ್ರಗಳಲ್ಲಿ ಇದು ಜಾಸ್ತಿ. ಕಾಯಿಯ ತಳದಲ್ಲಿ ಚಿಕ್ಕ ಆಯಸ್ಕಾಂತ, ಮನೆಯ ಕೆಳಗೆ ರೀಡ್ ಸ್ವಿಚ್ ಅನ್ನುವ ಗಾಜಿನ ಕೊಳವೆ. ಆಯಸ್ಕಾಂತ ಹತ್ತಿರ ಬಂದರೆ ಕೊಳವೆಯೊಳಗಿನ ಎರಡು ತೆಳು ತಗಡುಗಳು ಕೂಡಿಕೊಳ್ಳುತ್ತವೆ. ಇಲ್ಲಿ ಒತ್ತುವ ಕೆಲಸ ಇಲ್ಲ, ಎತ್ತಿ ಇಟ್ಟರೆ ಸಾಕು. ಆದರೂ ಯಂತ್ರಕ್ಕೆ ಗೊತ್ತಾಗುವುದು 'ಈ ಮನೆಯಲ್ಲಿ ಏನೋ ಇದೆ' ಅಥವಾ 'ಇಲ್ಲ' ಎಂಬುದಷ್ಟೇ. ಅದು ಆನೆಯೋ ಒಂಟೆಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒಂದು ಕಾಯಿಯನ್ನು ಮನೆಯ ಮೇಲೆ ಜಾರಿಸಿಕೊಂಡು ಹೋಗಬೇಡಿ. ದಾರಿಯ ಮನೆಗಳಲ್ಲೆಲ್ಲ ಸ್ವಿಚ್ ತಾಗಿ ಗೊಂದಲವಾಗುತ್ತದೆ. ಎತ್ತಿ, ಮನೆಯ ನಡುವೆ ಇಡಿ.

ಕಾಯಿಯ ಗುರುತೇ ಹಿಡಿಯುವ ಬೋರ್ಡುಗಳೂ ಇವೆ. ಅಲ್ಲಿ ಪ್ರತಿ ಜಾತಿಯ ಕಾಯಿಯೊಳಗೂ ಬೇರೆ ಬೇರೆ ಆವರ್ತನಕ್ಕೆ ಸ್ಪಂದಿಸುವ ಸುರುಳಿ ಇಟ್ಟಿರುತ್ತಾರೆ. ದೊಡ್ಡ ಟೂರ್ನಿಗಳಲ್ಲಿ ಆಟವನ್ನು ನೇರವಾಗಿ ತೋರಿಸಲು ಬಳಸುವುದು ಇಂಥವನ್ನೇ. ಒಂದು ಎಚ್ಚರಿಕೆ: ಈ ಥರದ ಕೆಲವು ಬೋರ್ಡುಗಳಲ್ಲಿ ಯೋಚಿಸುವ ಮಿದುಳೇ ಇರುವುದಿಲ್ಲ. ಫೋನಿಗೋ ಲ್ಯಾಪ್‌ಟಾಪಿಗೋ ಜೋಡಿಸಿದರೆ ಮಾತ್ರ ಎದುರಾಳಿ ಸಿಗುತ್ತಾನೆ. ಕೊಳ್ಳುವ ಮೊದಲು ಇದೊಂದನ್ನು ಖಚಿತ ಮಾಡಿಕೊಳ್ಳಿ.

ಕರೆಂಟು ಕೊಟ್ಟು ಎಬ್ಬಿಸುವುದು

ಬ್ಯಾಟರಿ ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಹಳೆಯ ಯಂತ್ರಗಳಲ್ಲಿ ಒಂದು ಮೆಟ್ಟಿಲು ಜಾಸ್ತಿ ಇದೆ. ತಳದಲ್ಲಿ ಒಂದು ಸೂಜಿಗಾತ್ರದ ತೂತು ಇರುತ್ತದೆ, ಪಕ್ಕದಲ್ಲಿ 'ಎಸಿಎಲ್' ಅಥವಾ 'ರೀಸೆಟ್' ಅಂತ ಬರೆದಿರುತ್ತದೆ. ಬ್ಯಾಟರಿ ಹಾಕಿದ ಮೇಲೆ ಯಂತ್ರ ಸುಮ್ನೆ ಕೂತಿದ್ದರೆ, ಅಥವಾ ಎಲ್ಲ ದೀಪ ಒಟ್ಟಿಗೇ ಹತ್ತಿಕೊಂಡರೆ, ನೇರ ಮಾಡಿದ ಪೇಪರ್ ಕ್ಲಿಪ್ಪಿನಿಂದ ಆ ತೂತಿನೊಳಗೆ ಒಂದೆರಡು ಸೆಕೆಂಡ್ ಒತ್ತಿ. ನೆನಪಿನಲ್ಲಿ ಸೇರಿಕೊಂಡಿದ್ದ ಕಸವೆಲ್ಲ ಹೋಗಿ ಅದು ಹೊಸದಾಗಿ ಶುರುವಾಗುತ್ತದೆ. 'ಕೆಟ್ಟುಹೋಗಿದೆ' ಅಂತ ಮೂಲೆಗೆ ಸೇರಿದ ಎಷ್ಟೋ ಯಂತ್ರಗಳಿಗೆ ಬೇಕಾಗಿರುವುದು ಇದೊಂದೇ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಪಿನ್ ತೂತಿಗೆ ಸರಿಹೋಯಿತು ಅಂತ ಯಾವುದೋ ಹಳೆಯ ಅಡಾಪ್ಟರ್ ಚುಚ್ಚಬಾರದು. ವೋಲ್ಟೇಜ್ ಒಂದೇ ಇರಬೇಕು. ಅದಕ್ಕಿಂತ ಮುಖ್ಯ, ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಅನ್ನುವುದು ಹೊಂದಬೇಕು. ಯಂತ್ರದ ಮೇಲೂ ಅಡಾಪ್ಟರಿನ ಮೇಲೂ ಈ ಗುರುತಿನ ಚಿಕ್ಕ ಚಿತ್ರ ಇರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇದು ಉಲ್ಟಾ ಆದರೆ ಒಳಗಿನ ಚಿಪ್ ಸುಟ್ಟುಹೋಗಬಹುದು, ರೀಸೆಟ್ ಒತ್ತಿ ಅದನ್ನು ಸರಿ ಮಾಡಲಾಗದು.

ಬ್ಯಾಟರಿ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹತ್ತಿದ್ದರೆ ಹೆದರಬೇಡಿ. ಆಲ್ಕಲೈನ್ ಬ್ಯಾಟರಿಯಿಂದ ಬರುವುದು ಕ್ಷಾರ. ಕೈಗವಸು ಹಾಕಿ, ಹತ್ತಿಯಲ್ಲಿ ಸ್ವಲ್ಪ ವಿನೆಗರ್ ತೆಗೆದುಕೊಂಡು ಒರೆಸಿ, ಚೆನ್ನಾಗಿ ಒಣಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ತಿಂಗಳುಗಟ್ಟಲೆ ಆಡುವುದಿಲ್ಲ ಅಂದರೆ ಬ್ಯಾಟರಿ ತೆಗೆದೇ ಇಡಿ.

ಕಾಯಿ ಜೋಡಿಸುವಾಗ ನಿಮ್ಮ ಬಲಗೈ ಮೂಲೆಯ ಮನೆ ಬಿಳಿಯದಿರಬೇಕು, ರಾಣಿ ತನ್ನ ಬಣ್ಣದ ಮನೆಯಲ್ಲೇ ನಿಲ್ಲಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿರುವವರೂ ಎಡವುವುದು ಕಪ್ಪು ಕಾಯಿ ಹಿಡಿದಾಗ. ಬೋರ್ಡಿನ ಅಂಚಿನಲ್ಲಿ ಎ1 ಅಂತ ಗುರುತಿರುವ ಮೂಲೆ ಬಿಳಿಯರ ಕಡೆಯದು. ನೀವು ಯಂತ್ರವನ್ನು ತಿರುಗಿಸದೆ ಕಪ್ಪು ಕಾಯಿಗಳನ್ನು ಮಾತ್ರ ನಿಮ್ಮ ಕಡೆಗೆ ಜೋಡಿಸಿದರೆ, ಯಂತ್ರದ ಲೆಕ್ಕದಲ್ಲಿ ಅಲ್ಲಿ ಬಿಳಿ ಸೇನೆ ಇದೆ. ಮೊದಲ ನಡೆಗೇ ಜಗಳ ಶುರು. ಇದಕ್ಕೆ ಎರಡು ದಾರಿ ಇದೆ. ಇಡೀ ಯಂತ್ರವನ್ನೇ ತಿರುಗಿಸಿಕೊಂಡು ಕೂರುವುದು ಒಂದು. ಕಪ್ಪು ಕೆಳಗೆ ಇರಲಿ ಅಂತ ಯಂತ್ರಕ್ಕೂ ತಿಳಿಸುವ ಆಯ್ಕೆ ಇದ್ದರೆ ಅದನ್ನು ಬಳಸುವುದು ಇನ್ನೊಂದು. ಆಮೇಲೆ 'ಮೂವ್' ಅಥವಾ 'ಪ್ಲೇ' ಬಟನ್ ಒಂದು ಸಲ ಒತ್ತಿದರೆ ಮೊದಲ ನಡೆಯನ್ನು ಅದು ಆಡುತ್ತದೆ. ಈ ಬಟನ್ನಿನ ಅರ್ಥ ಇಷ್ಟೇ: 'ಈಗ ಯಾರ ಸರದಿಯೋ ಅವರ ಪರವಾಗಿ ನೀನು ಆಡು'. ಆಟದ ನಡುವೆ ಒತ್ತಿದರೆ ನೀವು ಪಕ್ಷ ಬದಲಿಸಿದಂತೆ. ಅದು ಯೋಚಿಸುತ್ತಿರುವಾಗಲೇ ಒತ್ತಿದರೆ ಯೋಚನೆ ಅಲ್ಲಿಗೇ ನಿಲ್ಲಿಸಿ, ಅಷ್ಟರಲ್ಲಿ ಸಿಕ್ಕ ಒಳ್ಳೆಯ ನಡೆಯನ್ನು ಆಡುತ್ತದೆ.

ಆಡುವಾಗ ಎಡವುವ ಜಾಗಗಳು

ಸಾಮಾನ್ಯ ನಡೆ ಎರಡು ದಿನದಲ್ಲಿ ಕೈಗೆ ಬರುತ್ತದೆ. ನಿಮ್ಮ ಕಾಯಿ ಇರುವ ಮನೆ, ಹೋಗುವ ಮನೆ. ಯಂತ್ರ ತನ್ನ ನಡೆಯನ್ನು ದೀಪಗಳಿಂದ ಹೇಳುತ್ತದೆ. ಪ್ರತಿ ಮನೆಗೂ ದೀಪವಿರುವ ಬೋರ್ಡುಗಳಲ್ಲಿ ಇದು ಸುಲಭ. ಅಂಚಿನಲ್ಲಿ ಮಾತ್ರ ದೀಪವಿದ್ದರೆ, ಅಕ್ಷರದ ಸಾಲು ಮತ್ತು ಅಂಕಿಯ ಸಾಲು ಸೇರುವ ಮನೆ ಹುಡುಕಬೇಕು. ಇ ಮತ್ತು 7 ಹತ್ತಿದರೆ ಇ7ರಲ್ಲಿರುವ ಕಾಯಿ, ಆಮೇಲೆ ಇ ಮತ್ತು 5 ಹತ್ತಿದರೆ ಅದು ಹೋಗಬೇಕಾದ ಮನೆ. ಅದರ ಕಾಯಿಯನ್ನು ನೀವು ನಡೆಸಿಕೊಟ್ಟು, ಎರಡೂ ಮನೆಗಳನ್ನು ಒತ್ತಿದ ಮೇಲೆಯೇ ಅದರ ಸರದಿ ಮುಗಿಯುತ್ತದೆ. ಇದನ್ನು ಮರೆತು ನಿಮ್ಮ ಮುಂದಿನ ನಡೆ ಆಡಲು ಹೋದರೆ ಬೀಪ್.

ಒಂದು ಸಲಕ್ಕೆ ಎರಡು ಕಾಯಿ ಕದಲುವ ನಡೆಗಳಲ್ಲಿ ಜಾಸ್ತಿ ಗಮನ ಬೇಕು. ಕ್ಯಾಸ್ಲಿಂಗ್, ಅಂದರೆ ರಾಜನನ್ನು ಆನೆಯ ಕಡೆಗೆ ಎರಡು ಮನೆ ಜರುಗಿಸಿ ಆನೆಯನ್ನು ಅವನ ಆಚೆ ಪಕ್ಕಕ್ಕೆ ಇಡುವ ನಡೆ, ಮಾಡುವಾಗ ಯಾವಾಗಲೂ ರಾಜ ಮೊದಲು. ಯಾಕೆ ಗೊತ್ತಾ? ಆನೆಯನ್ನು ಎಚ್1ರಿಂದ ಎಫ್1ಕ್ಕೆ ತರುವುದು ತನ್ನಷ್ಟಕ್ಕೆ ಒಂದು ಸರಿಯಾದ ನಡೆ. ಅದನ್ನು ಮೊದಲು ಒತ್ತಿದರೆ ನಿಮ್ಮ ಸರದಿ ಮುಗಿಯಿತು ಅಂತಲೇ ಯಂತ್ರ ತಿಳಿಯುತ್ತದೆ. ರಾಜ ಒಮ್ಮೆಗೇ ಎರಡು ಮನೆ ಜರುಗುವುದು ಕ್ಯಾಸ್ಲಿಂಗ್‌ನಲ್ಲಿ ಮಾತ್ರ. ಹಾಗಾಗಿ ರಾಜನನ್ನು ಮೊದಲು ನಡೆಸಿದರೆ ಅದಕ್ಕೆ ಅನುಮಾನವೇ ಉಳಿಯುವುದಿಲ್ಲ, ಆನೆಯನ್ನೂ ಜರುಗಿಸಲು ಅದೇ ದೀಪ ತೋರಿಸುತ್ತದೆ. ಎರಡು ಮನೆ ಜಿಗಿದು ನಿಮ್ಮ ಕಾಲಾಳಿನ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ದಾಟಿದ ಮನೆಗೆ ಹೋಗಿ ಹೊಡೆಯುವುದು ಆನ್ ಪಾಸಾಂ. ಈ ಹೊಡೆತದಲ್ಲಿ ನಿಮ್ಮ ಕಾಲಾಳು ಒಂದು ಮನೆಗೆ ಹೋಗುತ್ತದೆ, ಸತ್ತ ಕಾಲಾಳು ಇನ್ನೊಂದು ಮನೆಯಲ್ಲಿರುತ್ತದೆ. ಆ ಸತ್ತ ಕಾಲಾಳಿನ ಮನೆಯನ್ನೂ ಒತ್ತಿ ತೆಗೆಯಬೇಕು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ಸಾಮಾನ್ಯವಾಗಿ ರಾಣಿ ಅಂತಲೇ ಲೆಕ್ಕ. ಕುದುರೆ ಬೇಕಿದ್ದರೆ ಕುದುರೆಯ ಚಿತ್ರವಿರುವ ಬಟನ್ ಒತ್ತಿ ಹೇಳಬೇಕು. ಬೋರ್ಡ್ ಮೇಲೆ ಸುಮ್ನೆ ಕುದುರೆ ತಂದು ಇಟ್ಟರೆ ಯಂತ್ರಕ್ಕೆ ಅದು ರಾಣಿಯೇ.

ಇಷ್ಟಾದರೂ ಬೀಪ್ ಬಂದರೆ ಅದು ತಪ್ಪು ನಡೆಯ ಸೂಚನೆ. ಈ ಪದ್ಧತಿ ಬಹಳ ಹಳೆಯದು. ಸ್ಪೇನಿನ ಎಂಜಿನಿಯರ್ ಲಿಯೊನಾರ್ಡೊ ಟೊರೆಸ್ ಕೆವೆಡೊ 1912ರಲ್ಲೇ ಚೆಸ್ ಆಡುವ ಒಂದು ವಿದ್ಯುತ್ ಯಂತ್ರ ಕಟ್ಟಿದ್ದರು. ಎದುರಾಳಿ ನಿಯಮ ಮುರಿದರೆ ಅದು ದೀಪ ಹತ್ತಿಸುತ್ತಿತ್ತು. ಮೂರು ಸಲ ತಪ್ಪಿದರೆ ಆಡುವುದನ್ನೇ ನಿಲ್ಲಿಸುತ್ತಿತ್ತು. ನಿಮ್ಮ ಯಂತ್ರಕ್ಕೆ ಅದಕ್ಕಿಂತ ತಾಳ್ಮೆ ಇದೆ.

ಯಾರದೋ ಕೈ ತಾಗಿ ಕಾಯಿಗಳೆಲ್ಲ ಉರುಳಿದರೆ? ಆಟ ಹಾಳಾಗಿಲ್ಲ, ಅದು ಯಂತ್ರದ ನೆನಪಿನಲ್ಲಿ ಭದ್ರವಾಗಿದೆ. ಹೆಚ್ಚಿನ ಯಂತ್ರಗಳಲ್ಲಿ ಸ್ಥಿತಿಯನ್ನು ಪರೀಕ್ಷಿಸುವ ಬಟನ್ ಇದೆ. ರಾಜನ ಚಿತ್ರದ ಕೀ ಒತ್ತಿದರೆ ರಾಜರಿಬ್ಬರೂ ಎಲ್ಲಿದ್ದಾರೆ ಅಂತ ದೀಪ ತೋರಿಸುತ್ತದೆ. ಆಮೇಲೆ ರಾಣಿ, ಆನೆ, ಹೀಗೆ ಒಂದೊಂದಾಗಿ ಕೇಳಿ ಬೋರ್ಡನ್ನು ಮತ್ತೆ ಜೋಡಿಸಬಹುದು. ಬೀಪ್ ಬಂದು ಕಾರಣ ತಿಳಿಯದಿದ್ದಾಗಲೂ ಮೊದಲು ಮಾಡಬೇಕಾದ್ದು ಇದೇ. ಹತ್ತರಲ್ಲಿ ಒಂಬತ್ತು ಸಲ ಒಂದು ಕಾಯಿ ಪಕ್ಕದ ಮನೆಯಲ್ಲಿ ಕೂತಿರುತ್ತದೆ.

ಅದು ಯೋಚಿಸುವಾಗ ಏನು ಮಾಡುತ್ತದೆ?

ಲೆವೆಲ್ ಆರಿಸುವ ಮೊದಲು ಇದು ಗೊತ್ತಿರಬೇಕು. ಆಟದ ಶುರುವಿನಲ್ಲಿ ಬಿಳಿಯರಿಗೆ 20 ನಡೆ ಸಾಧ್ಯ. ಪ್ರತಿಯೊಂದಕ್ಕೂ ಕಪ್ಪಿನವರಿಗೆ 20 ಉತ್ತರ, ಅಂದರೆ 400 ದಾರಿ. ಬಿಳಿಯರ ಇನ್ನೊಂದು ನಡೆ ಸೇರಿದರೆ 8,902. ಕಪ್ಪಿನದು ಇನ್ನೊಂದು ಸೇರಿದರೆ 1,97,281. ತಲಾ ಎರಡೇ ನಡೆಗೆ ಇಷ್ಟು! ಹಳೆಯ ಚಿಕ್ಕ ಯಂತ್ರಗಳು ಸೆಕೆಂಡಿಗೆ ನೋಡುತ್ತಿದ್ದದ್ದು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಸ್ಥಿತಿಗಳನ್ನು. 1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಸೆಕೆಂಡಿಗೆ ಸುಮಾರು 20 ಕೋಟಿ ನೋಡುತ್ತಿತ್ತು. ಅಷ್ಟು ಶಕ್ತಿ ಇಲ್ಲದ ಪುಟ್ಟ ಯಂತ್ರ ಜಾಣತನದಿಂದ ಕೆಲಸ ಉಳಿಸಬೇಕು.

ಹೇಗೆ ಉಳಿಸುತ್ತದೆ ಅಂದರೆ, ಒಂದು ನಡೆ ಆಡಿ ನೋಡುತ್ತದೆ. ಅದಕ್ಕೆ ನೀವು ಕೊಡಬಹುದಾದ ಒಂದು ಉತ್ತರದಲ್ಲಿ ತನ್ನ ರಾಣಿ ಹೋಗುವುದು ಕಾಣುತ್ತದೆ. ಸರಿ, ಆ ನಡೆ ಬೇಡ. ಉಳಿದ 30 ಉತ್ತರಗಳನ್ನು ನೋಡುವ ಅಗತ್ಯವೇ ಇಲ್ಲ, ಒಂದು ಸಾಕಲ್ವಾ? ಹೀಗೆ ಬೇಡದ ಕೊಂಬೆಗಳನ್ನು ಕಡಿಯುವ ವಿಧಾನಕ್ಕೆ ಆಲ್ಫಾ-ಬೀಟಾ ಅನ್ನುತ್ತಾರೆ. ದಾರಿಯ ಕೊನೆ ಮುಟ್ಟಿದಾಗ ಅದು ಲೆಕ್ಕ ಹಾಕುತ್ತದೆ: ಕಾಲಾಳಿಗೆ 1, ಕುದುರೆ ಮತ್ತು ಒಂಟೆಗೆ ಸುಮಾರು 3, ಆನೆಗೆ 5, ರಾಣಿಗೆ 9. ಇದಕ್ಕೆ ರಾಜನ ಭದ್ರತೆ, ಕಾಯಿಗಳಿಗೆ ಓಡಾಡಲು ಇರುವ ಜಾಗ ಇತ್ಯಾದಿಯನ್ನು ಚೂರುಪಾರು ಸೇರಿಸುತ್ತದೆ. ಪರದೆಯ ಮೇಲೆ ಪ್ಲಸ್ 1 ಅಂತ ಕಂಡರೆ ಒಂದು ಪಕ್ಷಕ್ಕೆ ಸುಮಾರು ಒಂದು ಕಾಲಾಳಿನಷ್ಟು ಲಾಭ ಇದೆ ಅಂತ ಅರ್ಥ.

ಅದರ ದೊಡ್ಡ ದೌರ್ಬಲ್ಯವೂ ಇಲ್ಲೇ ಇದೆ. ನಾಲ್ಕು ನಡೆ ಮುಂದೆ ನೋಡುವ ಲೆವೆಲ್‌ಗೆ ಐದನೆಯ ನಡೆಯ ಅಪಾಯ ಇಲ್ಲವೇ ಇಲ್ಲ. ರಾಣಿ ಹೋಗುವುದು ಖಚಿತವಾದಾಗ ಅದು ಸುಮ್ಮಸುಮ್ಮನೆ ಒಂದು ಕಾಲಾಳನ್ನು ಕೊಟ್ಟು ಚೆಕ್ ಕೊಡುವುದನ್ನು ನೀವು ನೋಡುತ್ತೀರಿ. ಕಾಲಾಳು ಹೊಡೆಯುವುದರಲ್ಲಿ ಎರಡು ನಡೆ ಕಳೆಯಿತು. ರಾಣಿಯ ಸಾವು ಅದರ ದೃಷ್ಟಿಯ ಗಡಿಯಾಚೆ ಜಾರಿತು. ಅದರ ಮಟ್ಟಿಗೆ ರಾಣಿ ಉಳಿಯಿತು! ಇದಕ್ಕೆ ಹೊರೈಜನ್ ಎಫೆಕ್ಟ್ ಅನ್ನುತ್ತಾರೆ. ಚಿಕ್ಕ ಯಂತ್ರಗಳನ್ನು ಸೋಲಿಸಬೇಕೆಂದರೆ ಹೊಡೆದಾಟಕ್ಕೆ ಇಳಿಯಬೇಡಿ, ಅಲ್ಲಿ ಅದು ಲೆಕ್ಕ ತಪ್ಪುವುದಿಲ್ಲ. ಕಾಲಾಳುಗಳ ಗೋಡೆ ಕಟ್ಟಿ, ಹತ್ತು ನಡೆಯ ಆಚೆ ಫಲ ಕೊಡುವ ಯೋಜನೆ ಹಾಕಿ. ಅದು ಅಲ್ಲಿಯವರೆಗೆ ನೋಡಲಾರದು.

ಈಗ ಲೆವೆಲ್ ವಿಷಯ. ಮುಖ್ಯವಾಗಿ ಎರಡು ಥರ ಇವೆ. ಇಷ್ಟು ಸೆಕೆಂಡ್ ಯೋಚಿಸು ಅನ್ನುವುದು ಒಂದು, ಇಷ್ಟು ನಡೆ ಆಳಕ್ಕೆ ನೋಡು ಅನ್ನುವುದು ಇನ್ನೊಂದು. ಸಮಯದ ಲೆವೆಲ್ಲೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಾಯಿ ಕಡಿಮೆಯಾದ ಹಾಗೆ ದಾರಿಗಳೂ ಕಡಿಮೆಯಾಗಿ ಅದೇ ಸಮಯದಲ್ಲಿ ಯಂತ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಆಳ ಗೊತ್ತುಮಾಡಿದ ಲೆವೆಲ್‌ನಲ್ಲಿ ಹಾಗಾಗುವುದಿಲ್ಲ. ಆಟದ ನಡುವೆ ಪರವಾಗಿಲ್ಲ ಅನ್ನಿಸಿದ ಎದುರಾಳಿ ಕೊನೆಯಲ್ಲಿ ದಾರಿ ತಪ್ಪಿದವನ ಹಾಗೆ ಆಡುತ್ತಾನೆ. '5 ಸೆಕೆಂಡ್' ಅನ್ನುವುದು ಸರಾಸರಿ, ಕೆಲವು ನಡೆಗೆ ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳಬಹುದು. ಶುರುವಿನಲ್ಲಿ ಪಟಪಟ ಉತ್ತರ ಬಂದರೆ ಅದು ಯೋಚನೆಯಲ್ಲ. ಒಳಗೆ ಸಂಗ್ರಹಿಸಿಟ್ಟ ಆರಂಭದ ನಡೆಗಳಿಂದ ಎತ್ತಿ ಕೊಡುತ್ತಿರುತ್ತದೆ.

ತೀರಾ ಕೆಳಗಿನ ಲೆವೆಲ್‌ಗಳು ಬೇರೆ ಥರ. ಎಷ್ಟೋ ಯಂತ್ರಗಳಲ್ಲಿ ಅಲ್ಲಿ ಬೇಕಂತಲೇ ತಪ್ಪು ಆಡುವ ಹಾಗೆ ಮಾಡಿರುತ್ತಾರೆ. ಹತ್ತು ನಡೆ ಚೆನ್ನಾಗಿ ಆಡಿ ಹನ್ನೊಂದನೆಯದರಲ್ಲಿ ಆನೆಯನ್ನು ಸುಮ್ನೆ ಕೈಗೆ ಕೊಡುತ್ತದೆ. ಕಾಯಿಗಳ ನಡೆ ಕಲಿಯುತ್ತಿರುವ ಮಗುವಿಗೆ ಇದು ಸರಿ. ಒಂದಿಷ್ಟು ಆಡಲು ಬಂದವರು ಇಲ್ಲೇ ಉಳಿದರೆ ಎದುರಾಳಿಯ ತಪ್ಪಿಗೆ ಕಾಯುವ ಅಭ್ಯಾಸವಾಗುತ್ತದೆ. ಮೂರು ಆಟದಲ್ಲಿ ಒಂದು ಗೆಲ್ಲುವಂಥ ಲೆವೆಲ್ ಹುಡುಕಿಕೊಂಡು ಅಲ್ಲಿ ನಿಲ್ಲಿ. ನಿಮ್ಮ ಆಟ ನೋಡಿ ತನ್ನ ಬಲವನ್ನು ತಾನೇ ಏರಿಸಿ ಇಳಿಸುವ ಈಚಿನ ಯಂತ್ರಗಳೂ ಇವೆ, ಡಿಜಿಟಿ ಸೆಂಟಾರ್ ಅಂಥದ್ದು.

ನಡೆ ಹಿಂದಕ್ಕೆ ತೆಗೆದುಕೊಳ್ಳುವ 'ಟೇಕ್ ಬ್ಯಾಕ್' ಬಟನ್ ಬಗ್ಗೆ ಒಂದು ಮಾತು. ತಪ್ಪಾದ ತಕ್ಷಣ ಒತ್ತಬೇಡಿ. ಆ ಆಟ ಸೋತು ಮುಗಿಸಿ. ಆಮೇಲೆ ನಡೆಗಳನ್ನು ಹಿಂದಕ್ಕೆ ಒಯ್ದು, ಕೆಟ್ಟಿತು ಅನ್ನಿಸಿದ ಜಾಗದಲ್ಲಿ ನಿಂತು 'ಹಿಂಟ್' ಕೇಳಿ. ಆ ಜಾಗದಲ್ಲಿ ನಿಮ್ಮ ಪರವಾಗಿ ತಾನೇ ಏನು ಆಡುತ್ತಿತ್ತು ಅನ್ನುವುದನ್ನು ಅದು ತೋರಿಸುತ್ತದೆ. ಎಷ್ಟು ನಡೆ ಹಿಂದಕ್ಕೆ ಹೋಗಬಹುದು ಅನ್ನುವುದು ಯಂತ್ರದಿಂದ ಯಂತ್ರಕ್ಕೆ ಬೇರೆ, ಹಳೆಯವುಗಳಲ್ಲಿ ಕೆಲವೇ ನಡೆ.

ಮೊದಲ ವಾರದಲ್ಲೇ ಮಾಡಿ ನೋಡಬೇಕಾದ ಇನ್ನೊಂದು ಕೆಲಸ, ಸ್ಥಿತಿಯನ್ನು ನಾವೇ ಜೋಡಿಸುವುದು. 'ಸೆಟಪ್' ಒತ್ತಿ, ನೆನಪಿನ ಬೋರ್ಡನ್ನು ಖಾಲಿ ಮಾಡಿ. ಕಾಯಿಯ ಕೀ ಒತ್ತಿ, ಬಣ್ಣ ಆರಿಸಿ, ಮನೆ ಒತ್ತಿ. ಎರಡೂ ಕಡೆ ರಾಜ ಇರಲೇಬೇಕು. ಕೊನೆಗೆ ಯಾರ ಸರದಿ ಅನ್ನುವುದನ್ನು ಹೇಳಬೇಕು, ಎಲ್ಲರೂ ಮರೆಯುವುದು ಇದನ್ನೇ.

ಮೊದಲಿಗೆ ಮೂರೇ ಕಾಯಿ ಸಾಕು. ನಿಮಗೆ ರಾಜ ಮತ್ತು ಆನೆ, ಯಂತ್ರಕ್ಕೆ ಒಂಟಿ ರಾಜ. ಟೊರೆಸ್ ಕೆವೆಡೊ ಅವರ 1912ರ ಯಂತ್ರ ಆಡುತ್ತಿದ್ದದ್ದು ಇದೊಂದೇ ಆಟ, ಅಲ್ಲಿ ಆನೆ ಯಂತ್ರದ ಕಡೆ ಇರುತ್ತಿತ್ತು. ಅದು ಗೆದ್ದೇ ಗೆಲ್ಲುತ್ತಿತ್ತು, ಆದರೆ ಕೆಲವು ಸ್ಥಿತಿಗಳಲ್ಲಿ 50 ನಡೆಗಿಂತ ಜಾಸ್ತಿ ಬೇಕಾಗುತ್ತಿತ್ತು. ಈಗಿನ ನಿಯಮದಲ್ಲಿ 50 ನಡೆ ಹೀಗೇ ಕಳೆದರೆ ಡ್ರಾ ಕೇಳಬಹುದು. ತಪ್ಪಿಲ್ಲದೆ ಆಡಿದರೆ, ಆನೆ ಇರುವವರ ಸರದಿಯಿಂದ ಶುರುವಾದ ಆಟ ಹೆಚ್ಚೆಂದರೆ 16 ನಡೆಯಲ್ಲಿ ಮುಗಿಯುತ್ತದೆ. ನಿಮಗೆ ಎಷ್ಟು ನಡೆ ಬೇಕಾಯಿತು ಅಂತ ಎಣಿಸಿ. ಆಮೇಲೆ ಅದೇ ಸ್ಥಿತಿಯನ್ನು ಮತ್ತೆ ಜೋಡಿಸಿ, 'ಮೂವ್' ಒತ್ತಿ ಆನೆಯನ್ನು ಯಂತ್ರಕ್ಕೆ ಬಿಟ್ಟುಕೊಟ್ಟು, ಅದು ನಿಮ್ಮ ರಾಜನನ್ನು ಅಂಚಿಗೆ ಹೇಗೆ ತಳ್ಳುತ್ತದೆ ಅಂತ ನೋಡಿ.